ಬಿಳಿ ಯಾರ ಪಕ್ಕ ಕೂರುತ್ತದೆಂದು ಬಲ್ಲ ಬೆರಳು

ಬೆಳಗಿನ ಆರೂವರೆ. ಚೆಂಗ್ಡುವಿನಲ್ಲಿ ಡಿಸೆಂಬರಿನ ಬೆಳಕು ಎಂಟು ಗಂಟೆಗೆ ಮುಂಚೆ ಮುಖ ತೋರಿಸುವುದಿಲ್ಲ. ಮುದ್ರಣಾಲಯದ ಎರಡನೆಯ ಮಹಡಿಯಲ್ಲಿ ಒಂದು ದೀಪವೂ ಉರಿಯುತ್ತಿಲ್ಲ. ಆದರೂ ಮೆಟ್ಟಿಲು ಹತ್ತುತ್ತಿರುವಾಗಲೇ ಒಳಗೆ ಯಾರೋ ಗಟ್ಟಿಯಾಗಿ ಓದುತ್ತಿರುವುದು ಕೇಳಿಸುತ್ತದೆ. ಕತೆ ಓದುವ ದನಿಯಲ್ಲ ಅದು. ಏರಿಳಿತವಿಲ್ಲ, ಭಾವವಿಲ್ಲ. ಒಂದೆರಡು ಅಕ್ಷರಕ್ಕೊಮ್ಮೆ ಚಪ್ಪಲಿಯ ತುದಿ ನೆಲಕ್ಕೆ ಟಕ್ ಎಂದು ತಾಗುತ್ತದೆ, ದನಿ ಮುಂದೆ ಹೋಗುತ್ತದೆ.

ಪು ಶ್ಯೂಮಿನ್ ಕತ್ತಲಲ್ಲಿ ಕೂತು ಓದುತ್ತಿದ್ದಾರೆ. ವಯಸ್ಸು ಐವತ್ತೇಳು. ತೊಡೆಯ ಮೇಲೆ ಬಿಸಿನೀರಿನ ಚೀಲ, ಮೇಜಿನ ಮೇಲೆ ದಪ್ಪ ಕಂದು ಹಾಳೆ, ಹಾಳೆಯ ಮೇಲೆ ಬಲಗೈಯ ತೋರುಬೆರಳು. ನಾಲ್ಕನೆಯ ವಯಸ್ಸಿನಲ್ಲಿ ದಡಾರ ಬಂದು ಎರಡೂ ಕಣ್ಣು ಹೋದವು, ಹಾಗಾಗಿ ಬಂದ ಕೂಡಲೇ ದೀಪ ಹಾಕುವ ಅಭ್ಯಾಸ ಅವರಿಗಿಲ್ಲ. ಬ್ರೈಲ್ ಪುಸ್ತಕಗಳ ಕರಡು ತಿದ್ದುವುದು ಅವರ ಕೆಲಸ. ಈ ಊರಿನಲ್ಲಿ ಮೂವತ್ತೊಂದು ವರ್ಷದಿಂದ ಅಚ್ಚಾದ ಬ್ರೈಲ್ ಪುಸ್ತಕಗಳಲ್ಲಿ ಅವರ ಬೆರಳು ದಾಟಿ ಹೋಗದ ಪುಸ್ತಕ ಇಲ್ಲವೆಂದೇ ಹೇಳಬೇಕು.

ಏಳಕ್ಕೆ ಶುಯ್ ಮಾವೊಲಿನ್ ಬಂದು ದೀಪ ಹಾಕುತ್ತಾರೆ. ಅರವತ್ತೊಂದರ ಈ ಮನುಷ್ಯ ಪು ಅವರ ಜೋಡಿ. ಬ್ರೈಲ್ ಕರಡನ್ನು ಯಾವತ್ತೂ ಇಬ್ಬರು ಸೇರಿಯೇ ತಿದ್ದಬೇಕು. ಕಣ್ಣಿಲ್ಲದವರು ಚುಕ್ಕೆಗಳನ್ನು ಮುಟ್ಟಿ ಗಟ್ಟಿಯಾಗಿ ಓದುತ್ತಾರೆ, ಕಣ್ಣಿರುವವರು ಮೂಲ ಪುಸ್ತಕ ಹಿಡಿದು ಕೇಳುತ್ತಾರೆ. ಕೇಳಿದ್ದೂ ಕಂಡದ್ದೂ ಒಂದೇ ಆದರೆ ಮುಂದಿನ ಸಾಲು.

"ಶ್ಯಾವ್ ಪು, ಮತ್ತೆ ನನ್ನ ಬಿಟ್ಟು ಶುರು ಹಚ್ಕೊಂಡ್ಯಾ?"

"ದೀಪ ಹಾಕೋದೊಂದೇ ನಿನ್ನ ಕೆಲಸ ಲಾವ್ ಶುಯ್. ಅದಕ್ಕೂ ಏಳು ಗಂಟೆ ಆಗ್ಬೇಕು ನಿಂಗೆ."

'ಶ್ಯಾವ್' ಎಂದರೆ ಸಣ್ಣ, 'ಲಾವ್' ಎಂದರೆ ಹಳೆಯ. ಕೆಲಸಕ್ಕೆ ಸೇರಿದಾಗ ಪು ಅವರಿಗೆ ಇಪ್ಪತ್ತಾರು, ಶುಯ್ ಅವರಿಗೆ ಮೂವತ್ತು. ಆವತ್ತು ಸಣ್ಣ ಪು ಎಂದು ಕರೆದದ್ದು ಕೂದಲು ಬೆಳ್ಳಗಾದರೂ ಬಿಟ್ಟುಹೋಗಿಲ್ಲ. "ಅಂಟ್ಕೊಂಬಿಟ್ಟಿದೆ. ಈಗ ನಡುವೆ ಬೆರಳು ತೂರ್ಸಿ ಬಿಡಿಸೋಕಾಗಲ್ಲ," ಎನ್ನುತ್ತಾರೆ ಪು ಅಕ್ಕ. (ಮುದ್ರಣಾಲಯದಲ್ಲಿ ಎಲ್ಲರಿಗೂ ಅವರು ಪು ಅಕ್ಕ. ನನಗೂ.)

ನಡುವೆ ಬೆರಳು ತೂರುತ್ತದೋ ಇಲ್ಲವೋ ಎಂಬುದು ಅವರ ಬದುಕಿನ ಕಸುಬು. ಇಲ್ಲಿಯ ಅಚ್ಚಿನ ಪುಸ್ತಕ ತೆರೆದರೆ ಅಕ್ಷರದ ಪಕ್ಕ ಅಕ್ಷರ, ಎಲ್ಲೂ ಖಾಲಿ ಜಾಗವಿಲ್ಲ. ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ಕಣ್ಣಿರುವವರು ತಲೆ ಕೆಡಿಸಿಕೊಳ್ಳುವುದಿಲ್ಲ, ಕಣ್ಣೇ ನೋಡಿಕೊಳ್ಳುತ್ತದೆ. ಬ್ರೈಲ್‌ನಲ್ಲಿ ಹಾಗಲ್ಲ. ಅಲ್ಲಿ ಬರೆಯುವುದು ಬರೀ ಉಚ್ಚಾರಣೆಯನ್ನು, ಆರು ಚುಕ್ಕೆಯ ಪುಟ್ಟ ಮನೆಗಳಲ್ಲಿ. ಎಲ್ಲ ಮನೆಗಳನ್ನೂ ಒತ್ತೊತ್ತಾಗಿ ಕಟ್ಟಿದರೆ ಓದುವವನ ಬೆರಳು ದಾರಿ ತಪ್ಪುತ್ತದೆ. ಆದ್ದರಿಂದ ಪದಕ್ಕೂ ಪದಕ್ಕೂ ನಡುವೆ ಒಂದು ಮನೆ ಖಾಲಿ ಬಿಡಬೇಕು. ಪು ಅಕ್ಕನ ಚಪ್ಪಲಿ ನೆಲ ತಟ್ಟುವುದು ಆ ಖಾಲಿ ಮನೆಗೆ.

ತಾಪತ್ರಯ ಇರುವುದು ಗುಣ ಹೇಳುವ ಪದ ವಸ್ತುವಿನ ಹೆಸರಿಗೆ ಮುಂಚೆ ಬಂದು ನಿಂತಾಗ. ಬಿಳಿ ಅಂಗಿ ಎಂದರೆ ಎರಡು ಪದ, ನಡುವೆ ಖಾಲಿ ಮನೆ. ಬಿಳಿಸೊಪ್ಪು ಎಂದರೆ ಒಂದು, ಒಟ್ಟಿಗೆ ಕಟ್ಟಬೇಕು. ಅದು ದಿನಾ ಬಾಣಲೆಗೆ ಬೀಳುವ ಒಂದು ಬಗೆಯ ಕೋಸಿನ ಹೆಸರು. "ಅದು ಬೆಳ್ಳಗೂ ಇರಲ್ಲ, ಹಸಿರಾಗಿರ್ತದೆ," ಎಂದು ಶುಯ್ ನನ್ನ ಕಿವಿಯಲ್ಲಿ ಹೇಳುತ್ತಾರೆ. ಕೆಂಪುಚಹಾ ಒಂದು ಪದ, ಕೆಂಪು ಲೋಟ ಎರಡು. ಒಂದೊಂದು ಪುಟದಲ್ಲಿ ಇಂಥವು ಇಪ್ಪತ್ತು ಮೂವತ್ತು ಸಿಗುತ್ತವೆ. ನಿಯಮದ ಪುಸ್ತಕ ಉಂಟು, ಆದರೆ ಅದು ಅರ್ಧ ದಾರಿಗೆ ಕೈಬಿಡುತ್ತದೆ.

"ಅದಕ್ಕೂ ಮುಂಚೆ 'ಅಚ್ಚ' ಅನ್ನೋದನ್ನ ತಂದು ನಿಲ್ಸಿ ನೋಡ್ತೀನಿ," ಎಂದು ಪು ಅಕ್ಕ ತಮ್ಮ ಉಪಾಯ ಹೇಳುತ್ತಾರೆ. "ಅಚ್ಚ ಬಿಳಿ ಅಂಗಿ ಅಂತ ಯಾರು ಬೇಕಾದ್ರೂ ಅಂತಾರೆ. ಅಚ್ಚ ಬಿಳಿಸೊಪ್ಪು ಕೊಡಪ್ಪಾ ಅಂತ ಸಂತೇಲಿ ಕೇಳಿ, ತರಕಾರಿಯವ್ನು ನಿಮ್ಮನ್ನ ಮೇಲಿಂದ ಕೆಳಗೆ ನೋಡ್ತಾನೆ. ಅವ್ನು ಹಾಗೆ ನೋಡಿದ ಅಂದ್ರೆ ಸೇರಿಸಿ ಬರೀರಿ."

"ನೀವು ಬಿಳಿ ಬಣ್ಣ ನೋಡಿದ ನೆನಪಿದೆಯಾ?" ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಇಲ್ಲ. ಬಿಳಿ ಅಂದ್ರೇನು, ಕೆಂಪು ಅಂದ್ರೇನು, ನಂಗೊಂದೂ ಗೊತ್ತಿಲ್ಲ," ಎಂದು ನಗುತ್ತಾರೆ. "ಆದ್ರೆ ಬಿಳಿ ಯಾರ ಪಕ್ಕ ಅಂಟ್ಕೊಂಡು ಕೂರ್ತದೆ, ಯಾರ ಪಕ್ಕ ಒಂದು ಮೊಳ ದೂರ ಕೂರ್ತದೆ, ಅದು ಗೊತ್ತು. ಅಷ್ಟು ಗೊತ್ತಿದ್ರೆ ಈ ಕೆಲಸಕ್ಕೆ ಸಾಕು."

ನಾನು ಈ ಊರಿಗೆ ಬಂದು ಹತ್ತೊಂಬತ್ತು ವರ್ಷ. ಇಲ್ಲಿಯ ಭಾಷೆಯಲ್ಲಿ ಜಗಳವಾಡುವಷ್ಟು ಪಳಗಿದ್ದೇನೆ ಎಂಬ ಜಂಬವಿತ್ತು. ಪು ಅಕ್ಕನ ಎದುರು ಅರ್ಧ ದಿನ ಕೂತ ಮೇಲೆ ಅದು ಇಳಿಯಿತು. ನಮ್ಮ ಕನ್ನಡದಲ್ಲೂ ಹೀಗೇ ಎಂದು ಹೇಳಿ ಮರ್ಯಾದೆ ಉಳಿಸಿಕೊಳ್ಳಲು ನೋಡಿದೆ. ಹಿರಿದಾದ ಬಾಗಿಲು ಹೆಬ್ಬಾಗಿಲಾಗುತ್ತದೆ, ಬಿಳಿಯ ಉಳ್ಳಿ ಬೆಳ್ಳುಳ್ಳಿಯಾಗುತ್ತದೆ ಎಂದೆ. ಅವರು 'ಬೆಳ್ಳುಳ್ಳಿ' ಎಂದು ನಾಲ್ಕು ಸಲ ಹೇಳಿಸಿಕೊಂಡರು. "ನಿಮ್ಮವರು ಅಂಟಿಸೋದು ಮಾತ್ರ ಅಲ್ಲ, ಅರೆದೇ ಬಿಟ್ಟಿದಾರೆ," ಎಂದು ಮೆಚ್ಚಿಕೊಂಡು ಮತ್ತೆ ಕರಡಿಗೆ ಕೈ ಹಾಕಿದರು.

ಜೋಡಿಯ ನಡುವೆ ತೀರದ ಜಗಳವೂ ಒಂದಿದೆ. ಬಿಸಿನೀರು ಒಂದು ಪದವೋ ಎರಡೋ? ಶುಯ್ ಅವರದು ಸೇರಿಸಬೇಕೆಂಬ ವಾದ. ಇಡೀ ದೇಶ ಹುಟ್ಟಿದಾಗಿನಿಂದ ಕುಡಿಯುತ್ತಿರುವುದನ್ನು ಒಡೆಯುವುದೆಂದರೇನು? ಪು ಅಕ್ಕ ಒಪ್ಪುವುದಿಲ್ಲ. "ಥರ್ಮಾಸ್‌ನಲ್ಲಿ ಇರೋದು ಸೇರಿಸಿ ಬರಿ. ಕಾಲ ಮೇಲೆ ಚೆಲ್ಲಿದ್ದನ್ನ ಬಿಡಿಸಿ ಬರಿ. ಆಗ ಬಿಸಿ ಬೇರೆ ಗೊತ್ತಾಗ್ತದೆ, ನೀರು ಬೇರೆ ಗೊತ್ತಾಗ್ತದೆ." ಹದಿನಾಲ್ಕು ವರ್ಷದಿಂದ ಈ ವ್ಯಾಜ್ಯ ನಡೆದಿದೆ, ಇಬ್ಬರಿಗೂ ಅದು ಮುಗಿಯುವುದು ಬೇಕಾಗಿಲ್ಲ ಎಂದು ನನ್ನ ಗುಮಾನಿ.

ಪು ಅಕ್ಕ ಹುಟ್ಟಿದ್ದು ಸಾಂತಾಯ್ ಕಡೆಯ ಒಂದು ಹಳ್ಳಿಯಲ್ಲಿ. ಒಂಬತ್ತನೆಯ ವಯಸ್ಸಿಗೆ ಅಪ್ಪ ಬೆನ್ನ ಮೇಲೆ ಹೊತ್ತುಕೊಂಡು ಬಂದು ಅಂಧರ ಶಾಲೆಗೆ ಬಿಟ್ಟರು. ಇಲ್ಲಿ ಕಣ್ಣಿಲ್ಲದವರ ಹಣೆಯಲ್ಲಿ ಬರೆದಿರುವುದು ಒಂದೇ ಕಸುಬು, ಅಂಗಮರ್ದನ. ಅವರೂ ಕಲಿತರು, ಐದು ವರ್ಷ ಊರವರ ಸೊಂಟ ತಿಕ್ಕಿದರು. "ಕೈಗೆ ಕೆಲಸ ಇತ್ತು, ಬೆರಳಿಗೆ ಇರ್ಲಿಲ್ಲ," ಎನ್ನುತ್ತಾರೆ. ಮುದ್ರಣಾಲಯ ಕರಡು ತಿದ್ದುವವರನ್ನು ಹುಡುಕುತ್ತಿದೆ ಎಂದು ಕೇಳಿ ಬಂದವರಿಗೆ ಒಂದು ಪುಟ ಕೊಟ್ಟು ತಪ್ಪು ಹುಡುಕಿ ಎಂದರಂತೆ. ಏಳು ತಪ್ಪು ಬೇಕೆಂದೇ ಇಟ್ಟಿದ್ದ ಪುಟ. ಇವರು ಒಂಬತ್ತು ಹಿಡಿದರು.

ಆ ಬೆರಳನ್ನು ಅವರು ಸಾಕಿರುವ ರೀತಿ ನೋಡಬೇಕು. ಬಲಗೈಯಲ್ಲಿ ಬಿಸಿ ಲೋಟ ಹಿಡಿಯುವುದಿಲ್ಲ, ಬೆಳ್ಳುಳ್ಳಿ ಸುಲಿಯುವುದಿಲ್ಲ. ಮಾಹ್ಜಾಂಗ್ ಆಡುವುದೂ ಎಡಗೈಯಲ್ಲೇ. ಚಳಿಗೆ ಚರ್ಮ ಬಿರುಕು ಬಿಡದಂತೆ ಮಲಗುವ ಮುನ್ನ ಮುಲಾಮು ಹಚ್ಚಿ ಹತ್ತಿಬಟ್ಟೆಯ ಟೋಪಿ ತೊಡಿಸುತ್ತಾರೆ. ತಂಗಿಯ ಮನೆಯಲ್ಲಿ ವಾಸ. "ನಮ್ಮಕ್ಕನಿಗೆ ಒಂಬತ್ತು ಬೆರಳು, ಹತ್ತನೇದು ಮನೆ ಅಳಿಯ," ಎಂದು ತಂಗಿ ಕೆಣಕುತ್ತಾಳಂತೆ.

ಈ ಬೆರಳೇ ಈ ವರ್ಷ ಒಂದು ತಪ್ಪು ಮಾಡಿತು. ಅದನ್ನು ಬರೆಯದಿದ್ದರೆ ಈ ಲೇಖನಕ್ಕೆ ಮಾತಾಡುವುದಿಲ್ಲ ಎಂದು ಮೊದಲ ದಿನವೇ ಷರತ್ತು ಹಾಕಿದವರು ಅವರೇ. ಮುದ್ರಣಾಲಯದ ಹೆಸರು ಮಾತ್ರ ಬೇಡ ಎಂದರು.

ಅಂಗಮರ್ದನ ಮಾಡುವವರಿಗಾಗಿ ಮನೆಮದ್ದಿನ ಪುಸ್ತಕವೊಂದು ಮಾರ್ಚಿನಲ್ಲಿ ಅಚ್ಚಾಯಿತು. ನೂರಾ ಎಂಬತ್ತಾರು ಪ್ರತಿ. ಅದರ ಇನ್ನೂರ ಹದಿನಾಲ್ಕನೆಯ ಪುಟದಲ್ಲಿ ಚಳಿಗಾಲದ ಕುರಿಮಾಂಸದ ಸಾರಿದೆ. ಹಳೆಶುಂಠಿ ಇಷ್ಟು, ಮೂಲಂಗಿ ಇಷ್ಟು, ಮೈ ಬೆಚ್ಚಗಿಡಲು ಬೆಂದಫೂಜಿ ಇಷ್ಟು. ಫೂಜಿ ಎಂದರೆ ಇಲ್ಲಿ ಎಲ್ಲರಿಗೂ ಗೊತ್ತಿರುವ ಬೇರು. ಬೇಯಿಸಿ ಹದ ಮಾಡಿದ ಫೂಜಿ ಔಷಧ, ಹಸಿಯದು ಹಲವರ ಪ್ರಾಣ ತೆಗೆದಿರುವ ವಿಷ. ಅಂಗಡಿಯವರಿಗಾಗಲಿ ವೈದ್ಯರಿಗಾಗಲಿ ಬೆಂದಫೂಜಿ, ಹಸಿಫೂಜಿ ಎರಡು ಬೇರೆಬೇರೆ ಹೆಸರು, ಬೇರೆಬೇರೆ ಡಬ್ಬಿ. ಇಲ್ಲಿಯ ಉಚ್ಚಾರಣೆಯಲ್ಲಿ ಬೆಂದದ್ದು 'ಶು', ಹಸಿಯದ್ದು 'ಶೆಂಗ್'. ಮೊದಲ ಚುಕ್ಕೆಮನೆ ಎರಡಕ್ಕೂ ಒಂದೇ, ಎರಡನೆಯದು ಬೇರೆ. ಟೈಪು ಮಾಡುವಾಗ ಆ ಎರಡನೆಯ ಮನೆ ತಪ್ಪಿ ಬಿತ್ತು. ಬೆಂದಫೂಜಿ ಇರಬೇಕಾದಲ್ಲಿ ಹಸಿಫೂಜಿ ಕೂತಿತು.

"ಟೈಪು ತಪ್ಪೋದು ಎಲ್ಲಾ ಕಡೆ ಇದ್ದದ್ದೇ. ಹಿಡೀಬೇಕಾದವಳು ನಾನು," ಎನ್ನುತ್ತಾರೆ ಪು ಅಕ್ಕ. "ನನ್ನ ಬೆರಳು ಮೊದಲ್ನೇ ಮನೆ ಮುಟ್ತು. ಮುಂದೆ ಫೂಜಿ ಇರೋದು ಆಗ್ಲೇ ತಲೆಗೆ ಬಂದಿತ್ತು, ಕುರಿ ಸಾರು ಅಂತ್ಲೂ ಗೊತ್ತಿತ್ತು. ಬಾಯಿ ಬೆಂದಫೂಜಿ ಅಂತ ಒಂದೇ ಗುಟುಕಲ್ಲಿ ಹೇಳ್ಬಿಡ್ತು. ಎರಡ್ನೇ ಮನೆ ಮೇಲೆ ಬೆರಳು ಹೋಗಿದೆ, ನಾನು ಹೋಗಿಲ್ಲ."

ಶುಯ್ ಅವರ ಕೈಯಲ್ಲಿದ್ದ ಮೂಲದಲ್ಲೂ ಬೆಂದಫೂಜಿ ಎಂದೇ ಇತ್ತು. ಕೇಳಿದ್ದೂ ಕಂಡದ್ದೂ ಒಂದೇ ಆಯಿತು, ಹೂಂ ಎಂದರು. ಹೊಸಬಳೊಬ್ಬಳು ಓದಿದ್ದರೆ ಅಲ್ಲಿ ತಡವರಿಸುತ್ತಿದ್ದಳು, ತಪ್ಪು ಸಿಗುತ್ತಿತ್ತು. ಎರಡು ಪದ ಒಂದಾಗಿ ಅಂಟಿಕೊಂಡಿವೆಯೆಂದು ಮೂವತ್ತು ವರ್ಷದಿಂದ ಬಲ್ಲ ಬೆರಳಿಗೆ ಮಾತ್ರ ಆಗಬಹುದಾದ ತಪ್ಪು ಅದು.

ಅಕ್ಟೋಬರಿನಲ್ಲಿ ಮನೆಯಲ್ಲಿ ಸುಮ್ಮನೆ ಪುಸ್ತಕ ತಿರುವುತ್ತಿದ್ದಾಗ ಅವರ ಕೈಗೇ ಅದು ಸಿಕ್ಕಿತು. ಬೇರೆ ಯಾರೂ ಗಮನಿಸಿರಲಿಲ್ಲ. "ಆವತ್ತು ಊಟ ಸೇರ್ಲಿಲ್ಲ ಅಂತ ದೊಡ್ಡ ಮಾತು ಹೇಳಲ್ಲ, ಊಟ ಮಾಡ್ದೆ. ರುಚಿ ಗೊತ್ತಾಗ್ಲಿಲ್ಲ," ಎನ್ನುತ್ತಾರೆ. ಮಾರನೆಯ ಬೆಳಿಗ್ಗೆ ವ್ಯವಸ್ಥಾಪಕರ ಮುಂದೆ ಹೋಗಿ ಹೇಳಿದರು. ಅವರು ಗಾಬರಿಯಾಗಿ, ತಿದ್ದುಪಡಿಯ ಹಾಳೆ ಅಚ್ಚು ಹಾಕಿಸಿ ಎಲ್ಲರಿಗೂ ಅಂಚೆಯಲ್ಲಿ ಕಳಿಸೋಣ ಎಂದರು. ಪು ಅಕ್ಕ ತಲೆಯಾಡಿಸಿದರು. ಬಿಡಿ ಹಾಳೆ ಪುಸ್ತಕದಿಂದ ಜಾರಿ ಬಿದ್ದರೆ ಕಣ್ಣಿಲ್ಲದವನಿಗೆ ಅದು ಬಿದ್ದದ್ದೂ ಗೊತ್ತಾಗುವುದಿಲ್ಲ. ತಿದ್ದಬೇಕಾದ್ದು ಪುಟದಲ್ಲೇ.

ಅಂದೇ ಪಟ್ಟಿ ಹಿಡಿದು ಸಿಕ್ಕವರಿಗೆಲ್ಲ ಫೋನು ಮಾಡಿ, ಆ ಸಾರು ಮಾಡಬೇಡಿ ಎಂದು ಮೊದಲು ಹೇಳಿದರು. ಆಮೇಲೆ ಒಂದೊಂದೇ ಪ್ರತಿಯನ್ನು ಕೈಯಾರೆ ತಿದ್ದುತ್ತ ಬಂದರು. ಹೆಚ್ಚಿನವು ಅಂಚೆಯಲ್ಲಿ ಬಂದವು, ಶಾಲೆಗಳಿಗೂ ಅಂಗಡಿಗಳಿಗೂ ರಜೆಯ ದಿನ ಅವರೇ ಹೋದರು. ಎರಡು ಚುಕ್ಕೆಯನ್ನು ಉಗುರಿನಿಂದ ಒತ್ತಿ ಮಲಗಿಸಬೇಕು, ಒಂದು ಹೊಸ ಚುಕ್ಕೆಯನ್ನು ದಬ್ಬಳದಂಥ ಕಡ್ಡಿಯಿಂದ ಹಿಂದಿನಿಂದ ಚುಚ್ಚಿ ಎಬ್ಬಿಸಬೇಕು. ಒಂದು ಪ್ರತಿಗೆ ಎರಡು ನಿಮಿಷದ ಕೆಲಸ, ಹುಡುಕಿಕೊಂಡು ಹೋಗುವುದಕ್ಕೆ ಒಂದು ದಿನ. ಜೊತೆಗೆ ಶುಯ್ ಹೋಗುತ್ತಾರೆ. "ತಪ್ಪಲ್ಲಿ ಅರ್ಧ ನಂದು," ಎಂದು ಅವರು ಪ್ರತಿ ಸಲ ಹೇಳುತ್ತಾರೆ. "ನಿಂದೇನು ತಪ್ಪು? ಸರಿಯಾದ್ದು ಕೇಳಿಸ್ತು, ಸರಿ ಅಂದೆ," ಎಂದು ಇವರು ಪ್ರತಿ ಸಲ ಬಾಯಿ ಮುಚ್ಚಿಸುತ್ತಾರೆ.

ಕೆಲಸದ ರೀತಿಯೂ ಬದಲಾಗಿದೆ. ಈಗ ಪು ಅಕ್ಕ ಪ್ರತಿ ಪುಟವನ್ನೂ ಎರಡು ಸಲ ಓದುತ್ತಾರೆ, ಎರಡನೆಯ ಸಲ ಕೊನೆಯಿಂದ ಮೊದಲಿಗೆ. ಫೂಜಿ, ಬೆಂದ. ಶುಂಠಿ, ಹಳೆ. ಬಾಗಿಲು, ದೊಡ್ಡ. ಹೀಗೆ ಹಿಂದುಮುಂದಾಗಿ ಓದಿದರೆ ಮನಸ್ಸು ಮುಂದೆ ಓಡುವುದಿಲ್ಲ, ಬೆರಳಿನ ಹಿಂದೆಯೇ ನಡೆಯಬೇಕಾಗುತ್ತದೆ. ಶುಯ್ ಅವರಿಗೆ ಕೇಳಿ ಕೇಳಿ ತಲೆ ಸುತ್ತುತ್ತದಂತೆ. ದಿನಕ್ಕೆ ನಲವತ್ತಾರು ಪುಟ ಆಗುತ್ತಿದ್ದದ್ದು ಮೂವತ್ತಕ್ಕೆ ಇಳಿದಿದೆ. ಗಣಕಯಂತ್ರ ಒಂದು ನಿಮಿಷದಲ್ಲಿ ಪದ ಬಿಡಿಸಿ ಕೊಡುವ ಕಾಲದಲ್ಲಿ ಇದೆಂಥದು ಎಂದು ವ್ಯವಸ್ಥಾಪಕರು ಗೊಣಗುತ್ತಾರೆ. ಗೊಣಗಿದರೂ ಕರಡನ್ನು ಇವರ ಮೇಜಿಗೇ ಕಳಿಸುತ್ತಾರೆ.

ನಾನು ಹೋದ ಶುಕ್ರವಾರದ ಹೊತ್ತಿಗೆ ನೂರಾ ಎಂಬತ್ತೈದು ಪ್ರತಿ ತಿದ್ದಿಯಾಗಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಉಳಿದದ್ದು ಒಂದು. ಅದು ಯಾನ್ ಎಂಬ ಹಿರಿಯ ಅಂಗಮರ್ದಕರ ಹೆಸರಿನಲ್ಲಿತ್ತು. ಪಟ್ಟಿಯಲ್ಲಿದ್ದ ಫೋನು ಸತ್ತುಹೋಗಿತ್ತು, ಹಳೆಯ ಅಂಗಡಿ ಮುಚ್ಚಿತ್ತು, ಅಲ್ಲಿಗೆ ಹಾಕಿದ ಎರಡು ಕಾಗದ ವಾಪಸು ಬಂದಿದ್ದವು. ಭಾನುವಾರ ವರ್ಷದ ಅತಿ ಚಿಕ್ಕ ಹಗಲು. ಆ ದಿನ ಇಲ್ಲಿ ಕುರಿಮಾಂಸದ ಸಾರು ಕುದಿಯದ ಮನೆಯಿಲ್ಲ.

ಪು ಅಕ್ಕ ಊಟದ ಬಿಡುವಿನಲ್ಲಿ ಫೋನು ಹಿಡಿದವರು ಬಿಡಲಿಲ್ಲ. ಯಾನ್ ಅವರ ಜೊತೆ ಕಲಿತವರು, ದುಡಿದವರು, ಅವರ ಬಳಿ ಬೆನ್ನು ತಿಕ್ಕಿಸಿಕೊಂಡವರು, ಎಲ್ಲರನ್ನೂ ಕೇಳಿದರು. ಊಟದ ಡಬ್ಬಿ ಪಕ್ಕದಲ್ಲೇ ತಣ್ಣಗಾಯಿತು. ಮೂರೂವರೆಗೆ ಯಾರೋ ಒಬ್ಬರು, ಅವರು ಈಗ ಚಿಯೆನ್‌ಯಾಂಗ್‌ನಲ್ಲಿ ಮಗಳ ಮನೆಯ ಕೆಳಗೆ ಅಂಗಡಿ ಇಟ್ಟಿದ್ದಾರೆ ಎಂದರು. ಫೋನಿನ ಸಂಖ್ಯೆ ಅವರಿಗೂ ಗೊತ್ತಿರಲಿಲ್ಲ, ರಸ್ತೆ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಮೂವರೂ ಹೊರಡುತ್ತೇವೆ. ಪು ಅಕ್ಕನ ಕೈಚೀಲದಲ್ಲಿ ಚುಚ್ಚುಕಡ್ಡಿ, ಹಾಳೆಗೆ ಕಚ್ಚಿಸುವ ತಗಡಿನ ಪಟ್ಟಿ, ಮೂರು ಬೇಯಿಸಿದ ಮೊಟ್ಟೆ. ಚಿಯೆನ್‌ಯಾಂಗ್ ಕುರಿಸಾರಿಗೆ ಹೆಸರಾದ ಊರು, ಬಸ್ಸಿನ ಬಾಗಿಲು ತೆರೆದ ಕೂಡಲೇ ಅದರ ವಾಸನೆ ಮೂಗಿಗೆ ಬಡಿಯುತ್ತದೆ. ನನಗೆ ಹಸಿವಾಗುತ್ತದೆ. ಪು ಅಕ್ಕ ಶುಯ್ ಅವರ ತೋಳು ಹಿಡಿದು, "ಬೇಗ ನಡಿ, ನಿನ್ನ ಕಾಲೇನು ಗೋಣಿಚೀಲವಾ?" ಎನ್ನುತ್ತಾರೆ.

ಅಂಗಡಿ ಸಣ್ಣದು. ನಾಲ್ಕು ಮಂಚ, ಗೋಡೆಗೆ ಒರಗಿಸಿದ ಪುಸ್ತಕಗಳ ಕಪಾಟು. ಯಾನ್ ಶೀಫು ಅವರಿಗೆ ಎಪ್ಪತ್ತಮೂರು. ಕಸುಬು ಬಲ್ಲವರನ್ನೆಲ್ಲ ಇಲ್ಲಿ ಶೀಫು ಎನ್ನುತ್ತಾರೆ. ಯಾನ್ ಅವರಿಗೆ ಹುಟ್ಟಿದಾಗಿನಿಂದ ಕಣ್ಣಿಲ್ಲ. ಗಿರಾಕಿಗಳೆಂದು ತಿಳಿದು, "ಯಾರಿಗೆ ಸೊಂಟ, ಯಾರಿಗೆ ಕುತ್ತಿಗೆ?" ಎಂದು ಕೇಳುತ್ತಾರೆ.

"ಶೀಫು, ನಂಗೆ ಪುಸ್ತಕ ಬೇಕು," ಎನ್ನುತ್ತಾರೆ ಪು ಅಕ್ಕ. "ಮನೆಮದ್ದಿನ ಪುಸ್ತಕ ಇದ್ಯಲ್ಲ ನಿಮ್ಮತ್ರ, ಅದರಲ್ಲಿ ಒಂದು ತಪ್ಪಿದೆ. ಕುರಿ ಸಾರಿನ ಪುಟದಲ್ಲಿ."

ಯಾನ್ ಶೀಫು ಮಂಚದ ಅಂಚಿಗೆ ಕೂರುತ್ತಾರೆ. ಆಮೇಲೆ, "ಏನು ತಪ್ಪು?" ಎಂದು ಮೆಲ್ಲಗೆ ಕೇಳುತ್ತಾರೆ.

"ಹಸಿಫೂಜಿ ಅಂತಿದೆ. ಬೆಂದಫೂಜಿ ಅಂತಿರ್ಬೇಕು."

ಅವರು ಎದ್ದು, ಗೋಡೆ ಸವರಿಕೊಂಡು ಒಳಗೆ ಹೋಗುತ್ತಾರೆ. ವಾಪಸು ಬಂದಾಗ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಕಾಗದದ ಪೊಟ್ಟಣ. ಪೊಟ್ಟಣವನ್ನು ಮಂಚದ ಮೇಲೆ ಇಡುತ್ತಾರೆ.

"ಅಂಗಡಿಯವ್ನು ಹಸೀದು ಕೊಡಲ್ಲ ಅಂದ. ಚಿಯಾಂಗ್‌ಯೊ ಕಡೆ ಗೆಳೆಯ ಒಬ್ಬ ಫೂಜಿ ಬೆಳೀತಾನೆ, ಅವನ ಕೈಲಿ ತರಿಸ್ದೆ. ನಾಳೆ ಮಗಳು ಅಳಿಯ ಮೊಮ್ಮಗಳು ಎಲ್ಲಾ ಇಲ್ಲೇ ಊಟ."

ಶುಯ್ ಪೊಟ್ಟಣ ಬಿಚ್ಚಿ ನೋಡಿ, ಹಾಗೇ ಮಡಿಚಿ, ಕಣ್ಣಲ್ಲೇ ನನಗೆ ಹೌದೆನ್ನುತ್ತಾರೆ. ಪು ಅಕ್ಕನಿಗೆ ಯಾರೂ ಹೇಳಬೇಕಾಗಿಲ್ಲ. ಅವರ ಮುಖ ಬಿಳುಚಿಕೊಂಡಿದೆ.

"ನಮ್ಮಮ್ಮ ಸಾರಿಗೆ ಹಾಕ್ತಿದ್ದದ್ದು ಹಸೀದಲ್ಲ ಅಂತ ನಂಗೆ ಅನುಮಾನ ಬಂದಿತ್ತು," ಎಂದು ಯಾನ್ ಶೀಫು ಹೇಳುತ್ತಾರೆ. "ಗೆಳೆಯನೂ ಎರಡು ಸಲ ಕೇಳ್ದ. ಪುಸ್ತಕದಲ್ಲಿದೆ ಕಣೋ, ಮೂರು ಸಲ ಓದಿದೀನಿ ಅಂದೆ. ಬಾಯಿಮಾತು ಯಾರು ಏನು ಬೇಕಾದ್ರೂ ಹೇಳ್ತಾರೆ. ಚುಕ್ಕೆ ಹಾಗಲ್ಲ ಅಂತ ನಂಬಿ ಎಪ್ಪತ್ತು ವರ್ಷ ಬದುಕಿದೀನಿ."

ನೆಪ ಹೇಳುವುದಾದರೆ ಪು ಅಕ್ಕನಿಗೆ ಎಷ್ಟೋ ಇದ್ದವು. ಟೈಪು ಮಾಡಿದವರ ಹೆಸರು ಹೇಳಬಹುದಿತ್ತು, ಮುದ್ರಣಾಲಯ ಎಂದು ಸುಮ್ಮನಾಗಬಹುದಿತ್ತು. ಮನೆಯ ಅಡುಗೆಕೋಣೆಯಲ್ಲಿ ಹಸಿಫೂಜಿ ಇಟ್ಟುಕೊಂಡ ಮುದುಕನ ಎದುರು ಯಾರಾದರೂ ಅಷ್ಟು ಮಾಡಿಯೇ ಮಾಡುತ್ತಾರೆ.

"ಶೀಫು, ಆ ಪುಟ ಓದಿ ಸರಿ ಇದೆ ಅಂದವಳು ನಾನೇ," ಎನ್ನುತ್ತಾರೆ. "ನಾನು ಪು ಶ್ಯೂಮಿನ್. ಕರಡು ತಿದ್ದೋದು ನನ್ನ ಕೆಲಸ. ಚುಕ್ಕೆ ಇದ್ದದ್ದು ಒಂದು, ನಾನು ಓದಿದ್ದು ಒಂದು."

ಶುಯ್ ಬಾಯಿ ತೆರೆಯುತ್ತಾರೆ. "ಅರ್ಧ..." ಎನ್ನುವಷ್ಟರಲ್ಲಿ ಪು ಅಕ್ಕ ಅವರ ಕಾಲು ತುಳಿಯುತ್ತಾರೆ.

ಯಾನ್ ಶೀಫು ಪುಸ್ತಕವನ್ನು ಅವರತ್ತ ಚಾಚುತ್ತಾರೆ. ಪು ಅಕ್ಕ ಪುಟ ತೆಗೆದು ಸಾಲು ಹುಡುಕುತ್ತಾರೆ. ಚುಚ್ಚುವ ಮುಂಚೆ ಆ ಎರಡು ಮನೆಗಳ ಮೇಲೆ ಬೆರಳಿಟ್ಟು, ಮುದ್ರಣಾಲಯದ ಅದೇ ಏರಿಳಿತವಿಲ್ಲದ ದನಿಯಲ್ಲಿ, ಅಲ್ಲಿ ಇದ್ದದ್ದನ್ನು ಇದ್ದ ಹಾಗೇ ಓದುತ್ತಾರೆ: "ಹಸಿಫೂಜಿ." ನೂರಾ ಎಂಬತ್ತೈದು ಪ್ರತಿಯಲ್ಲೂ ಹೀಗೇ ಓದಿದರಂತೆ. ಆಮೇಲೆ ಎರಡು ಚುಕ್ಕೆಗಳನ್ನು ಉಗುರಿನಿಂದ ಒತ್ತಿ ಮಲಗಿಸುತ್ತಾರೆ. ಪುಟ ಮಗುಚಿ, ಪಟ್ಟಿ ಕಚ್ಚಿಸಿ, ಕಡ್ಡಿ ಊರಿ ಒಂದೇ ಒಂದು ಸಲ ಒತ್ತುತ್ತಾರೆ.

"ನೋಡಿ ಶೀಫು."

ಯಾನ್ ಶೀಫು ಬೆರಳಾಡಿಸಿ ಓದುತ್ತಾರೆ. ಬೆಂದಫೂಜಿ. ಮತ್ತೊಮ್ಮೆ ಓದುತ್ತಾರೆ. ಪೊಟ್ಟಣವನ್ನು ಶುಯ್ ಅವರ ಕಡೆ ತಳ್ಳಿ, "ನಿಮಗೆ ಕಣ್ಣಿದೆ, ಯಾರ ಕೈಗೂ ಸಿಗದ ಕಡೆ ಆಳವಾಗಿ ಹೂತುಬನ್ನಿ. ನಾಳೆ ಬರೀ ಹಳೆಶುಂಠಿ ಸಾಕು," ಎನ್ನುತ್ತಾರೆ. ಶುಯ್ ಅದನ್ನು ಹಿಡಿದು ಹೊರಟೇಬಿಡುತ್ತಾರೆ. ಅವರ ಬೆನ್ನು ನೋಡಿದರೆ ಹತ್ತು ವರ್ಷ ಚಿಕ್ಕವರಾದ ಹಾಗಿದೆ.

ಚಹಾ ಬರುತ್ತದೆ. ಪು ಅಕ್ಕ ಲೋಟವನ್ನು ಎಡಗೈಯಲ್ಲಿ ಹಿಡಿದು ಉದ್ದಕ್ಕೆ ಉಸಿರು ಬಿಡುತ್ತಾರೆ. ಎರಡೂವರೆ ತಿಂಗಳಿನಿಂದ ಎದೆಯಲ್ಲಿ ಕೂತಿದ್ದದ್ದು ಆಗ ಇಳಿದಿರಬೇಕು. ಕಣ್ಣಲ್ಲಿ ನೀರು ಬಂದದ್ದನ್ನು ಅವರು ಮರೆಮಾಡುವುದಿಲ್ಲ, ಅಂಗಿಯ ತೋಳಿನಿಂದ ಒರೆಸಿಕೊಳ್ಳುತ್ತಾರೆ. ಯಾನ್ ಶೀಫು ಇನ್ನೂ ಪುಸ್ತಕ ಮಡಿಚಿಲ್ಲ. ಹಿಂದಿನ ಪುಟ, ಮುಂದಿನ ಪುಟ ಎಂದು ಸವರುತ್ತಲೇ ಇದ್ದಾರೆ.

"ಬರೆದವರ ಹೆಸರಿದೆ, ಅಚ್ಚು ಹಾಕಿದವರ ಹೆಸರಿದೆ. ನಿಮ್ಮ ಹೆಸರು ಎಲ್ಲೂ ಸಿಗ್ಲಿಲ್ಲವಲ್ಲ," ಎನ್ನುತ್ತಾರೆ.

"ಕರಡು ತಿದ್ದೋರ ಹೆಸರು ಹಾಕಲ್ಲ ಶೀಫು."

"ಹಾಗಾದ್ರೆ ಕಡ್ಡಿ ಕೈಲೇ ಇದೆ, ಇಲ್ಲೇ ಚುಚ್ಚಿಬಿಡಿ. ಒಪ್ಕೊಂಡು ಇಷ್ಟು ದೂರ ಬಂದ್ರಲ್ಲ." ತಿದ್ದಿದ ಜಾಗದ ಮೇಲೆ ಮತ್ತೆ ಬೆರಳೆಳೆದು, "ಮಲಗಿಸಿದ ಚುಕ್ಕೆ ಪೂರ್ತಿ ಮಲಗಿಲ್ಲ. ಇಲ್ಲಿ ಬೆರಳು ಸ್ವಲ್ಪ ತಡೀತದೆ," ಎನ್ನುತ್ತಾರೆ.

"ಹೆಸರು ಬೇಡ, ತಡೀಲಿ ಬಿಡಿ. ಓದುವಾಗ ನಾನು ಇಲ್ಲದೆ ಇದ್ದ ಜಾಗ ಅದು," ಎನ್ನುತ್ತಾರೆ ಪು ಅಕ್ಕ. "ಉಳಿದ ಪುಟಗಳಲ್ಲಿ ಬೆರಳು ಎಲ್ಲೂ ತಡೀದೆ ಹೋಗ್ತದಲ್ಲ ಶೀಫು, ಅಲ್ಲೆಲ್ಲ ನಾನಿದ್ದೆ."